ಮಂಜಿಯ ಕೈಗುಣ

ಅಂಜನಪ್ಪ ಮನೆಯಲ್ಲಿ ಕಹಿ ಸುದ್ದಿ ಹೇಳುವುದಿದ್ದರೆ ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲೆಯೇ ಹೇಳುವುದು. ಮೊದಲೇ ಹೇಳಿದರೆ ತನ್ನ ಊಟ ಕೆಡುತ್ತದೆ, ಮಜ್ಜಿಗೆಯ ಹೊತ್ತಿಗೆ ಹೇಳಿದರೆ ಕೇಳುವವರು ಎದ್ದುಹೋಗಿರುತ್ತಾರೆ ಎಂಬುದು ಅವನ ಲೆಕ್ಕ. ಆವತ್ತೂ ಹಾಗೆಯೇ, ಅನ್ನದ ನಡುವೆ ಬಸಳೆ ಹುಳಿಗೆ ಗುಂಡಿ ಮಾಡುತ್ತಾ ಬಾಯಿಬಿಟ್ಟ.

“ಹಿಂದಿನ ಹೊಲ ಶುಂಠಿಯವರು ಕೇಳ್ತಿದಾರೆ. ಸಂಕ್ರಾಂತಿ ಕಳೆದ ಮೇಲೆ ಕೊಟ್ಬಿಡಣ ಅಂತ.”

ಬಡಿಸುತ್ತಿದ್ದ ಅವನ ಹೆಂಡತಿ ತನುಜಾ ಸೌಟು ನಿಲ್ಲಿಸಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು. ಗೋಡೆಗೆ ಒರಗಿ ಕೂತು ಉಣ್ಣುತ್ತಿದ್ದ ತಾಯಿ ಹೂವಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಕಿವಿಗೆ ಮಾತ್ರ ಏನೂ ಬಂದಿರಲಿಲ್ಲ.

“ಗೇಣಿಗೆ ಕೊಡದಾ?”

“ಈಗ ಗೇಣಿ ಅನ್ನಲ್ಲ ಅಮ್ಮ, ಲೀಸು ಅಂತಾರೆ.”

“ಹೆಸರು ಬದಲಾದ್ರೆ ನಾಯಿ ನರಿ ಆಗ್ತದನಾ? ನಿಮ್ಮಪ್ಪ ಒಡೇರ ಮನೆಗೆ ಗೇಣಿ ಭತ್ತ ಹೊತ್ತು ಹೊತ್ತು ಬೆನ್ನು ಬಗ್ಗಿಸ್ಕಂಡು, ಕೋರ್ಟು ಕಚೇರಿ ಅಲೆದು ಮಾಡ್ಕಂಡ ಭೂಮಿ. ಈಗ ನಾವೇ ಒಡೇರಾಗಿಬಿಟ್ವಾ?”

“ಬೆಳೆ ಬಂದಿದ್ರೆ ನಾನ್ಯಾಕೆ ಕೊಡ್ತಿದ್ದೆ? ಮೂರು ವರ್ಷ ಆತು. ಬೀನ್ಸ್ ಗಿಡ ಮೊಣಕಾಲೆತ್ತರ ಬರ್ತದೆ, ಹಳದಿ ಆಗಿ ಕೂತ್ಕಳ್ತದೆ. ಈ ಬೇಸಿಗೆದೂ ಹಂಗೇ ಆತು. ಸುಮ್ನೆ ಗೊಬ್ಬರ ದಂಡ.”

“ಗೊಬ್ಬರ, ನೀರು ಎಲ್ಲಾ ಸರಿ,” ಎಂದಳು ತನುಜಾ, ಯಾರ ಮುಖವನ್ನೂ ನೋಡದೆ. “ಬೀಜ ಹಾಕೋ ಕೈಯೂ ಒಂದು ಬೇಕಲ್ಲ.”

ಬೀಜ ಹಾಕುವ ಕೈ ಅಡುಗೆಮನೆಯ ಹೊಸ್ತಿಲ ಒಳಗೆ ಕೂತು, ಎಲ್ಲರ ಊಟ ಮುಗಿಯಲಿ ಎಂದು ಕಾಯುತ್ತಿತ್ತು. ಅವಳು ಮಂಜುಶ್ರೀ, ಅಂಜನಪ್ಪನ ಅಕ್ಕ. ಮನೆಯಲ್ಲಿ ತಾಯಿಯೊಬ್ಬಳೇ ಅವಳನ್ನು ಈಗಲೂ ಮಂಜಿ ಎನ್ನುತ್ತಿದ್ದಳು.

ಹುಡುಗಿಯಾಗಿದ್ದಾಗ ಮಂಜಿಯ ಕೈಗುಣ ಊರಿಗೇ ಹೆಸರಾದದ್ದು. ಹೀರೆ, ಸೌತೆ, ಅಲಸಂದೆ ಏನೇ ಹಾಕುವುದಿದ್ದರೂ ಅಕ್ಕಪಕ್ಕದವರು ಬಂದು, “ಹೂವಮ್ಮಾ, ನಿನ್ನ ಮಗಳನ್ನ ಒಂದು ಗಳಿಗೆ ಕಳಿಸು” ಎಂದು ಕರೆದೊಯ್ದು ಮೊದಲ ಬೀಜ ಅವಳ ಕೈಯಿಂದ ಹಾಕಿಸುತ್ತಿದ್ದರು. ಬೆಲ್ಲದ ಚೂರೋ, ಬಳೆಯೋ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಹೊಸನಗರದ ಕಡೆ ಮದುವೆ ಮಾಡಿ ಕೊಟ್ಟರು. ಆರೇಳು ವರ್ಷ ನೋಡಿ, ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ತಂದ. ಮಂಜುಶ್ರೀ ಒಂದು ಕೈಚೀಲ ಹಿಡಿದು ಆನಂದಪುರದಲ್ಲಿ ಬಸ್ಸಿಳಿದು, ಊರಿಗೆ ನಡೆದು ಬಂದಳು. ಬಂದದ್ದು ಬೇಸಿಗೆಯ ಕೊನೆಯಲ್ಲಿ, ಊರಿಗೆ ಊರೇ ಬೀಜ ಹಾಕುವ ಕಾಲ. ಆ ವರ್ಷ ಯಾರೂ ಅವಳನ್ನು ಕರೆಯಲಿಲ್ಲ. ಆಮೇಲೂ ಕರೆಯಲಿಲ್ಲ. ಒಬ್ಬರೂ ಒಂದು ಕೆಟ್ಟ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಕರೆಯುವುದನ್ನು ಬಿಟ್ಟರು, ಅಷ್ಟೆ.

ಮನೆಯ ಹಿಂದೆ, ದನದ ಕೊಟ್ಟಿಗೆ ದಾಟಿದರೆ ಒಂದು ತುಂಡು ಹೊಲವಿತ್ತು. ಯಾರಿಗೂ ಬೇಡದ ಆ ತುಂಡಿನಲ್ಲಿ ಮಂಜುಶ್ರೀ ಬೀನ್ಸ್ ಹಾಕತೊಡಗಿದಳು. ಚೆನ್ನಾಗಿಯೇ ಬಂತು. ಕಾಯಿ ಚೀಲಕ್ಕೆ ತುಂಬಿ ಅಂಜನಪ್ಪನ ಗೂಡ್ಸ್ ಗಾಡಿಯಲ್ಲಿ ಸಾಗರಕ್ಕೆ ಹೋಗುತ್ತಿತ್ತು. ಉಂಡ ಅನ್ನಕ್ಕೆ ತಾನೂ ಏನೋ ಕೊಟ್ಟೆ ಎಂದು ಅವಳಿಗೆ ಅನ್ನಿಸುತ್ತಿದ್ದದ್ದು ಆ ಚೀಲಗಳು ಗಾಡಿ ಹತ್ತುವಾಗ ಮಾತ್ರ. ಆ ಹೊಲ ಹೋದರೆ ಅವಳಿಗೆ ಉಳಿಯುವುದು ಸೆಗಣಿ, ಪಾತ್ರೆ, ತಾಯಿಯ ಕಾಲಿಗೆ ಎಣ್ಣೆ. ಅದೆಲ್ಲ ಇದ್ದೇ ಇತ್ತು ಅನ್ನಿ.

ಆವತ್ತು ಎಲ್ಲರೂ ಎದ್ದ ಮೇಲೆ ಅವಳು ತಣ್ಣಗಾದ ಹುಳಿಯಲ್ಲಿ ಒಬ್ಬಳೇ ಉಂಡಳು. ಪಾತ್ರೆ ತೊಳೆದಿಟ್ಟು ಹೊಲಕ್ಕೆ ಹೋಗಿ, ಸಿಟ್ಟಿಗೋ ದುಃಖಕ್ಕೋ, ಕೈಗೆ ಸಿಕ್ಕ ಒಂದು ಹಳದಿ ಗಿಡವನ್ನು ಬುಡಸಮೇತ ಕಿತ್ತಳು. ಬೇರಿನ ತುಂಬ ಗಂಟು. ಶುಂಠಿಯ ಬೆರಳಿನ ಹಾಗೆ ಊದಿಕೊಂಡ ಗಂಟು. ಇನ್ನೊಂದು ಕಿತ್ತಳು, ಅದರಲ್ಲೂ ಅಷ್ಟೇ. ಸಂಜೆ ತಮ್ಮನಿಗೆ ತೋರಿಸಿದಳು.

“ಗಂಟು ಇರ್ಲೇಬೇಕು ಅಕ್ಕ,” ಎಂದ ಅಂಜನಪ್ಪ, ಗಾಡಿಯ ಗಾಜು ಒರೆಸುತ್ತಾ. “ಬೇಳೆಕಾಳು ಗಿಡದ ಬೇರಲ್ಲಿ ಗಂಟು ಇದ್ರೆ ಅದೇ ಗೊಬ್ಬರ ಅಂತ ಶಾಲೇಲೇ ಹೇಳ್ಕೊಡ್ತಾರೆ. ನೀ ಗಂಟು ಬಿಡು, ಬೇರೆ ಎಂತಾದ್ರೂ ನೋಡು.”

ಶಾಲೆಗೆ ಎದುರಾಡುವಷ್ಟು ಮಂಜುಶ್ರೀ ಓದಿರಲಿಲ್ಲ. ಆದರೆ ಆ ಗಂಟನ್ನು ನೋಡಿದರೆ ಅವಳ ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಗಿನ ಕೆಲಸ ಮುಗಿಸಿ, ಎರಡು ಗಿಡ ಪ್ಲಾಸ್ಟಿಕ್ ಕವರಿಗೆ ತುಂಬಿ, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಹೊರಟಳು. ಅಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿಲ್ಲದೆ ಗೇಟಿನ ಬಳಿ ಕವರು ಹಿಡಿದು ನಿಂತಿದ್ದವಳನ್ನು ಅಲ್ಲೇ ಓದುತ್ತಿದ್ದ ಒಬ್ಬ ಹುಡುಗಿ ಒಳಗೆ ಕರೆದೊಯ್ದಳು. ಬೇರು ತೊಳೆದು, ಗಂಟನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಇದು ಬಿಡ್ತಾ ಇಲ್ಲ ನೋಡಿ ಅಕ್ಕ. ಒಳ್ಳೇ ಗಂಟಾದ್ರೆ ಸಣ್ಣ ಗುಂಡಿ ಥರ ಬೇರಿನ ಪಕ್ಕಕ್ಕೆ ಅಂಟ್ಕೊಂಡಿರ್ತದೆ, ಉಜ್ಜಿದ್ರೆ ಉದುರ್ತದೆ, ಒಡೆದ್ರೆ ಒಳಗೆ ಕೆಂಪು. ಇದು ಬೇರೇ ಊದಿಕೊಂಡಿದ್ದು. ಒಳಗೆ ಹುಳ ಇದೆ.”

ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣು ಮುಚ್ಚಿ ನೋಡಿಸಿದಳು. ಶ್ಯಾವಿಗೆಯ ತುಂಡಿನಂಥದ್ದೇನೋ ನೀರಿನಲ್ಲಿ ಹೊರಳುತ್ತಿತ್ತು. ಇಷ್ಟು ವರ್ಷ ತನ್ನ ಹೆಸರು ಕೆಡಿಸಿದ್ದು ಇದೇನಾ ಎಂದು ಮಂಜುಶ್ರೀ ಇನ್ನೊಂದು ಸಲ ನೋಡಿದಳು.

“ಔಷಧಿ ಹೊಡೀಬೇಕಾ?”

“ಅದಕ್ಕಿಂತ ಚೆಂಡು ಹೂವು ಹಾಕಿ. ಅದರ ಬೇರಲ್ಲಿ ಈ ಹುಳಕ್ಕೆ ಆಗದ ವಿಷ ಇದೆ. ಎರಡು ಸಾಲು ಬೀನ್ಸಿಗೆ ಒಂದು ಸಾಲು ಹೂವು. ಹೂವಿನ ಸಸಿ ಸ್ವಲ್ಪ ಮೊದಲು ನೆಡಿ. ಹೂವು ಕೊಯ್ಕೊಳ್ಳಿ, ಗಿಡ ಮಾತ್ರ ಕೀಳ್ಬೇಡಿ. ಬೇರು ಮಣ್ಣಲ್ಲಿ ಜೀವ ಇಟ್ಕೊಂಡು ಇದ್ದಷ್ಟು ದಿನ ಕೆಲಸ ಮಾಡ್ತದೆ. ಒಂದೇ ಸಲಕ್ಕೆ ಪೂರ್ತಿ ಹೋಗಲ್ಲ, ಕಡಿಮೆ ಆಗ್ತದೆ.”

“ಈ ಹುಳ ಬಂದಿದ್ದಾದ್ರೂ ಎಲ್ಲಿಂದ?”

“ಗುದ್ದಲಿಗೆ ಅಂಟಿದ ಮಣ್ಣಲ್ಲಿ ಬರ್ತದೆ, ಕಾಲಲ್ಲಿ ಬರ್ತದೆ. ಬೇರೆ ಕಡೆಯಿಂದ ಬದನೆ, ಟೊಮೇಟೊ ಸಸಿ ತಂದು ನೆಟ್ಟಿದ್ರೆ ಅದರ ಜೊತೆಗೂ ಬರ್ತದೆ.”

ಬಸ್ಸಿನಲ್ಲಿ ವಾಪಸು ಬರುವಾಗ ಮಂಜುಶ್ರೀಗೆ ಇದನ್ನೆಲ್ಲ ಯಾರಿಗಾದರೂ ಹೇಳಬೇಕೆಂದು ತುಟಿ ತುರಿಸುತ್ತಿತ್ತು. ಪಕ್ಕದಲ್ಲಿ ಸಿಗಂದೂರಿಗೆ ಹೊರಟ ಹೆಂಗಸೊಬ್ಬಳು ನಿದ್ದೆ ಮಾಡುತ್ತಿದ್ದಳು. ಕೊನೆಗೆ ಕಿಟಕಿಯ ಕಡೆ ಮುಖ ಮಾಡಿ, ಮನೆಯಲ್ಲಿ ಹೇಗೆ ಹೇಳುವುದೆಂದು ತನಗೆ ತಾನೇ ಒಪ್ಪಿಸಿಕೊಂಡಳು. ಅಷ್ಟು ಅಭ್ಯಾಸ ಮಾಡಿದ್ದೂ ದಂಡವಾಯಿತು.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ಸಾಗರದಲ್ಲಿ ಪಿಯುಸಿ ಓದುವ ಗಾನವಿ, ಅಂಜನಪ್ಪನ ಮಗಳು, ಎಡಗೈಯಲ್ಲಿ ಮೊಬೈಲು ಹಿಡಿದು ಉಣ್ಣುತ್ತಿದ್ದಳು. ಮಂಜುಶ್ರೀ ಹೇಳುವುದನ್ನು ಹೇಳಿದಳು. ಗಂಟು ಉಜ್ಜಿ ತೋರಿಸಿದಳು. ಸಸಿಯ ಮಾತಿಗೆ ಬರುವ ಹೊತ್ತಿಗೆ ತನುಜಾಳ ಕೈ ನಿಂತಿತು.

“ಆ ಹೊಲದಲ್ಲಿ ನೆಟ್ಟ ಬದನೆ ಸಸಿ ನಾನು ತೀರ್ಥಹಳ್ಳಿಯಿಂದ ತಂದಿದ್ದು. ನಮ್ಮಮ್ಮ ಕೊಟ್ಟಿದ್ದು.”

“ನಿನ್ನ ಸಸಿ ಅಂತ ನಾನು ಹೇಳ್ಲಿಲ್ಲ ತನುಜಾ.”

“ಇನ್ನೆಂತ ಹೇಳ್ದಂಗಾತು ಅತ್ತಿಗೆ? ನಮ್ಮ ತವರುಮನೆ ಮಣ್ಣಲ್ಲಿ ಹುಳ ಇತ್ತು, ಅದನ್ನ ತಂದು ನಿಮ್ಮ ಹೊಲ ಹಾಳು ಮಾಡ್ದೆ ಅಂತ ತಾನೇ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ.”

“ಬರೆ ಹಾಕಿಸ್ಕಂಡೋರು ಯಾರು, ಹಾಕ್ದೋರು ಯಾರು ಅಂತ ನಂಗೂ ಗೊತ್ತು,” ಎಂದುಬಿಟ್ಟಳು ಮಂಜುಶ್ರೀ.

ಅಂಜನಪ್ಪ ತಟ್ಟೆ ದೂಡಿದ. “ಸಾಕು ಮಾರಾಯ್ತಿ! ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಬೆಳೆ ಬರ್ಲಿಲ್ಲ, ಈಗ ಮಣ್ಣಲ್ಲಿ ಕಣ್ಣಿಗೆ ಕಾಣದ ಹುಳ!”

ಗಾನವಿ ಕಿಸಕ್ಕನೆ ನಕ್ಕಳು. ಅಪ್ಪನ ಗಾದೆಗೆ ನಕ್ಕದ್ದೇ ಹೊರತು ಅತ್ತೆಯನ್ನು ನೋಡಿ ಅಲ್ಲ, ಆದರೂ ಆ ನಗು ಮಂಜುಶ್ರೀಯ ಎದೆಗೆ ನಾಟಿತು. ಆಗ ಮೂಲೆಯಿಂದ ಹೂವಮ್ಮ ಮಾತಾಡಿದಳು.

“ಪಹಣಿಲಿ ನನ್ನ ಹೆಸರೂ ಇದೆ ಅಂಜನ. ಒಂದು ಬೆಳೆ ನೋಡ್ಲಿ ಅವಳು. ಬರ್ಲಿಲ್ಲ ಅಂದ್ರೆ ನಾನೇ ಹೆಬ್ಬೆಟ್ಟು ಒತ್ತಿ ಕೊಡ್ತೀನಿ, ಶುಂಠಿನಾದ್ರೂ ಹಾಕಿ, ಹಲಸಾದ್ರೂ ಹಾಕಿ.”

ತಾಯಿ ತನ್ನ ಪಕ್ಷ ವಹಿಸಿದಳೋ, ತನ್ನ ಕೊನೆಯ ಗಡುವು ಹಾಕಿದಳೋ ಮಂಜುಶ್ರೀಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಆವತ್ತಿನಿಂದ ತನುಜಾ ಅವಳೊಂದಿಗೆ ಬೇಕಾದಷ್ಟೇ ಮಾತಾಡತೊಡಗಿದಳು. ಹಾಲು ಕರೆದಾಯ್ತಾ, ಅಕ್ಕಿ ನೆನೆಸಿದಿರಾ, ಅಷ್ಟು. ಮಳೆ ಹಿಡಿಯಿತು. ಮಂಜುಶ್ರೀ ಕೊಟ್ಟಿಗೆಯ ಬಾಗಿಲಿಗೆ ಕಳೆದ ದೀಪಾವಳಿಯಲ್ಲಿ ಕಟ್ಟಿ, ಒಣಗಿ ಕಪ್ಪಾಗಿದ್ದ ಚೆಂಡು ಹೂವಿನ ಮಾಲೆ ಬಿಚ್ಚಿದಳು. ಕೈಯಲ್ಲಿ ತಿಕ್ಕಿದರೆ ಬೀಜ ಉದುರಿತು. ಸಾಲದ್ದಕ್ಕೆ ಇನ್ನೂ ನಾಲ್ಕು ಮನೆಯ ಬಾಗಿಲಿನ ಮಾಲೆ ಕೇಳಿ ತಂದಳು. “ಹಳೇ ಮಾಲೆ ಎಂತಕ್ಕೆ ಮಂಜಕ್ಕ?” ಎಂದವರಿಗೆ “ಬೇಕಿತ್ತು” ಎಂದಳು. ಜಗಲಿಯ ಮಾಡಿನ ಕೆಳಗೆ, ಹನಿ ಬೀಳದ ಕಡೆ ಸಸಿ ಎಬ್ಬಿಸಿ, ಶ್ರಾವಣದಲ್ಲಿ ಹೊಲಕ್ಕೆ ಸಾಲು ಹಿಡಿದು ನೆಟ್ಟಳು. ಗಣಪತಿ ಹಬ್ಬ ಕಳೆದ ಮೇಲೆ, ಮಳೆ ಸ್ವಲ್ಪ ಬಿಡುವು ಕೊಟ್ಟದ್ದು ನೋಡಿ, ಒಂದೇ ದಿನದಲ್ಲಿ ಇಡೀ ಹೊಲಕ್ಕೆ ಬೀನ್ಸ್ ಬೀಜ ಹಾಕಿದಳು.

ರಸ್ತೆಯಲ್ಲಿ ಹೋಗುವವರಿಗೆ ನಗೆಯ ವಿಷಯವಾಯಿತು. “ಎಂತ ಅಂಜನಪ್ಪ, ಅಕ್ಕ ಹೂವಿನ ಅಂಗಡಿ ಇಡ್ತಾಳಾ?” ಎಂದು ಕೇಳಿದರೆ ಅವನು, “ಕೇಳ್ಬೇಡ ಮಾರಾಯ, ಹುಳಕ್ಕೆ ಹೂವಿನ ಪೂಜೆ” ಎನ್ನುತ್ತಿದ್ದ. ಮಂಜುಶ್ರೀ ಕಳೆ ತೆಗೆಯುತ್ತಾ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಸುಮ್ಮನಿರುವುದು ಅವಳಿಗೆ ಹೊಸದಲ್ಲ. ಸಂಜೆ ತಾಯಿಯ ಕಾಲಿಗೆ ಎಣ್ಣೆ ತಿಕ್ಕುವಾಗ, ಇವತ್ತು ಎಷ್ಟು ಗಿಡ ಎರಡೆಲೆ ಬಿಟ್ಟಿತು ಎಂದು ಹೇಳಲು ಬಾಯಿ ತೆರೆದರೆ, ಹೂವಮ್ಮ ಅಷ್ಟರಲ್ಲಿ ತೂಕಡಿಸಿರುತ್ತಿದ್ದಳು.

ನವರಾತ್ರಿಯ ಹೊತ್ತಿಗೆ ಚೆಂಡು ಹೂವಿನ ಗಿಡ ಸೊಂಟಕ್ಕೆ ಬಂದು, ಮೊದಲ ಮೊಗ್ಗು ಬಿರಿಯಿತು. ನಡುವೆ ಬೀನ್ಸ್ ಗಿಡ ಸಣ್ಣದಾಗಿ, ಹಸಿರಾಗಿ, ಕಂಡೂ ಕಾಣದ ಹಾಗಿತ್ತು. ಅದೇ ವಾರ ಹೂವಮ್ಮನ ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗದ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು. ಜೊತೆಗೆ ಹೋಗುವವರು ಯಾರು ಎಂದು ಯಾರೂ ಕೇಳಲಿಲ್ಲ. ಮಂಜುಶ್ರೀ ಎರಡು ಸೀರೆ ಚೀಲಕ್ಕೆ ತುಂಬಿಕೊಂಡಳು.

ಆಯುಧಪೂಜೆಯ ದಿನ ಅವರು ವಾಪಸಾದರು. ಆನಂದಪುರದ ಬಸ್ ನಿಲ್ದಾಣಕ್ಕೆ ಅಂಜನಪ್ಪ ಗಾಡಿ ತಂದಿದ್ದ. ಗಾಡಿಯ ಮುಖ ಕಾಣದಷ್ಟು ಚೆಂಡು ಹೂವು. ಕಪ್ಪು ಕನ್ನಡಕ ಹಾಕಿದ್ದ ಹೂವಮ್ಮ, “ಅಬ್ಬಾ, ಎಷ್ಟು ಹಳದಿ!” ಎಂದಳು. ಮಂಜುಶ್ರೀಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ತನ್ನ ಹೂವು, ತಮ್ಮನ ಗಾಡಿಗೆ.

“ನಿಂಗೊಂದು ಖುಷಿ ಸುದ್ದಿ ಅಕ್ಕ,” ಎಂದ ಅಂಜನಪ್ಪ ಗೇರು ಹಾಕುತ್ತಾ. “ತನುಜಾ ನಿನ್ನ ಹೊಲ ಅರ್ಧ ಹಸನು ಮಾಡಿ ಇಟ್ಟಿದಾಳೆ.”

“ಹಸನು ಅಂದ್ರೆ?”

“ಹೂವಿನ ಗಿಡ ಕಿತ್ತಿದಾಳೆ. ಬೀನ್ಸಿಗೆ ಬಿಸಿಲೇ ಬೀಳ್ತಿರಲಿಲ್ಲವಂತೆ. ಹೂವೂ ಆತು, ಬೆಳೆಗೂ ಆತು.”

ಮಂಜುಶ್ರೀ ಮನೆಯೊಳಗೆ ಹೋಗಲಿಲ್ಲ. ತಾಯಿಯನ್ನು ಜಗಲಿಯಲ್ಲಿ ಕೂರಿಸಿ ನೇರ ಹಿಂದಕ್ಕೆ ನಡೆದಳು. ಕೊಟ್ಟಿಗೆಯಿಂದ ಹೊಲದ ನಡುವಿನ ಕಾಲುದಾರಿಯವರೆಗೆ ಒಂದೂ ಚೆಂಡು ಗಿಡ ಇರಲಿಲ್ಲ. ಕಿತ್ತ ಗಿಡಗಳು ಬೇಲಿಯ ಬುಡದಲ್ಲಿ ಬೇರು ಮೇಲೆ ಮಾಡಿ ಬಾಡಿ ಬಿದ್ದಿದ್ದವು. ಕಾಲುದಾರಿಯ ಆಚೆ, ಕತ್ತಲಾಯಿತೆಂದೋ ಸೊಂಟ ನೋಯಿತೆಂದೋ ಬಿಟ್ಟದ್ದು, ಹಾಗೇ ನಿಂತಿತ್ತು. ಅವಳು ಬದುವಿನ ಮೇಲೆ ಕೂತುಬಿಟ್ಟಳು.

ತನುಜಾ ಹಿಂದೆಯೇ ಬಂದಳು. ಹಬ್ಬದ ಸೀರೆಯಲ್ಲಿದ್ದಳು, ಮುಖದಲ್ಲಿ ನಗುವಿತ್ತು. ಎಷ್ಟೋ ತಿಂಗಳ ಮೇಲಿನ ನಗು.

“ನೋಡಿದ್ರಾ ಅತ್ತಿಗೆ? ಎಷ್ಟು ಚಂದ ಬಿಸಿಲು ಬೀಳ್ತದೆ ಈಗ. ಉಳಿದಿದ್ದು ನಾಳೆ ಇಬ್ರೂ ಸೇರಿ…”

“ಮುಟ್ಬೇಡ!”

ತನುಜಾ ಬೆಚ್ಚಿ ನಿಂತಳು. ಮಂಜುಶ್ರೀ ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆಯ ದನಗಳೂ ಕೇಳಿರಲಿಲ್ಲ.

“ಗಿಡ ಕೀಳ್ಬಾರದು ಅಂತ ಹೇಳಿದ್ನಲ್ಲ ತನುಜಾ. ಊಟಕ್ಕೆ ಕೂತಾಗ್ಲೇ ಹೇಳಿದ್ದೆ.”

“ನೀವು ಹೇಳಿದ್ದು ಹೂವಿನ ವಿಷಯ ಅಂದ್ಕಂಡೆ. ಹೂವು ಬಿಟ್ಟಾಯ್ತಲ್ಲ, ಕೆಲಸ ಮುಗೀತು ಅಂದ್ಕಂಡೆ. ಮಾತು ಬಿಟ್ಟು ಎಷ್ಟು ದಿವಸ ಆತು, ಹಬ್ಬದ ದಿವಸನಾದ್ರೂ ನಿಮಗೊಂದು ಒಳ್ಳೇದು ಮಾಡಣ ಅಂತ… ಬೆರಳೆಲ್ಲ ನೋಡಿ, ಹೆಂಗಾಗಿದೆ.” ಅವಳು ಎರಡೂ ಕೈ ಮುಂದೆ ಚಾಚಿದಳು. “ಒಳ್ಳೇದು ಮಾಡಿದ್ರೂ ನನ್ನದೇ ತಪ್ಪು ಈ ಮನೇಲಿ.”

ಅವಳು ಕಣ್ಣೊರೆಸಿಕೊಂಡು ಹೊರಟುಹೋದಳು. ಮಂಜುಶ್ರೀ ಕರೆಯಲಿಲ್ಲ. ಕರೆಯಬೇಕಿತ್ತು, ಅದು ಅವಳಿಗೂ ಗೊತ್ತಿತ್ತು. ಆ ಮನೆಗೆ ಮರಳಿ ಬಂದ ಮೇಲೆ ಯಾರಾದರೂ ಅವಳಿಗೆಂದು ಬಗ್ಗಿ ಕೆಲಸ ಮಾಡಿದ್ದು ಅದೇ ಮೊದಲು. ಅದೂ ಹೀಗಾಗಬೇಕೆ ಎಂದು ಅವಳಿಗೆ ಅಳು ಬಂತು. ಬಾಡಿದ ಗಿಡಗಳಲ್ಲಿ ನಾಲ್ಕನ್ನು ಎತ್ತಿ ಮತ್ತೆ ನೆಟ್ಟು ನೀರು ಹಾಕಿ ನೋಡಿದಳು. ಮರುದಿನ ಅವು ಒಣಗಿದ್ದವು.

ವಾರ ಕಳೆಯುವುದರೊಳಗೆ ಭೂಮಿ ಹುಣ್ಣಿಮೆ ಬಂತು. ಬಸುರಿಯಾದ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ. ಊಟ ಹೊತ್ತೊಯ್ಯುವ ಬುಟ್ಟಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕು. ಅದಕ್ಕೆ ಮಂಜುಶ್ರೀಯ ಕೈಯೇ ಬೇಕು. ಅಷ್ಟು ಸಣ್ಣ ಗೆರೆ ಊರಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ಚಿತ್ತಾರಕ್ಕೆ ಆಗುವ ಕೈ ಬೀಜಕ್ಕೆ ಆಗುವುದಿಲ್ಲ ಎಂಬ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಬರೆದನೋ ಕಾಣೆ. ಅವಳು ಬರೆಯುತ್ತಿದ್ದಳು, ತನುಜಾ ಆಚೆ ಕಡುಬಿನ ಹಿಟ್ಟು ನಾದುತ್ತಿದ್ದಳು, ಇಬ್ಬರ ನಡುವೆ ಒಲೆ ಮಾತ್ರ ಸದ್ದು ಮಾಡುತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಅಂಜನಪ್ಪ ಬುಟ್ಟಿ ಹೊತ್ತ. ತನುಜಾ, ಗಾನವಿ ಜೊತೆಗೆ ಗದ್ದೆಗೆ ಹೋದರು. ಗದ್ದೆಯ ಪೂಜೆ ಮುತ್ತೈದೆಯದು, ಗಂಡ ಬಿಟ್ಟವಳದಲ್ಲ. ಮಂಜುಶ್ರೀ ಪಾತ್ರೆಯ ತಳದಲ್ಲಿ ಉಳಿದ, ಭೂಮಿಗೆ ಎರಚುವ ಸೊಪ್ಪಿನ ಅಡುಗೆ ಚರಗವನ್ನು ಬಾಳೆ ಎಲೆಯ ತುಂಡಿನಲ್ಲಿ ತಂದು ಹಿಂದಿನ ಹೊಲಕ್ಕೆ ಬೀರಿದಳು. ಕಾಲುದಾರಿಯ ಆ ಕಡೆಗೂ ಬೀರಿದಳು, ಈ ಕಡೆಗೂ ಬೀರಿದಳು.

“ನನ್ನ ಊಟ ಇಷ್ಟೇ,” ಎಂದಳು ಜೋರಾಗಿಯೇ. ಕೇಳುವವರು ಯಾರಿದ್ದರು?

ದೀಪಾವಳಿ ಬಂದು ಹೋಯಿತು. ಭತ್ತ ಬಾಗಿತು. ಬೀನ್ಸ್ ಹೂವಾಗಿ ಕಾಯಿ ಹಿಡಿಯತೊಡಗಿದಾಗ ಹೊಲ ಎರಡಾಗಿ ಒಡೆಯಿತು. ಕೊಟ್ಟಿಗೆಯ ಕಡೆಯ ಗಿಡಗಳು ಮಧ್ಯಾಹ್ನದ ಬಿಸಿಲಿಗೆ ಎಲೆ ಇಳಿಬಿಟ್ಟು ನಿಲ್ಲುತ್ತಿದ್ದವು, ಬುಡದ ಎಲೆಗಳು ಒಂದೊಂದಾಗಿ ಹಳದಿಯಾದವು. ಕಾಲುದಾರಿಯ ಆಚೆ, ಚೆಂಡು ಹೂವಿನ ನಡುವೆ, ಗಿಡ ಸ್ವಲ್ಪ ತೆಳ್ಳಗಿದ್ದರೂ ಹಸಿರಾಗಿತ್ತು, ಗೊಂಚಲು ಗೊಂಚಲು ಕಾಯಿ. ಮಂಜುಶ್ರೀಗೆ ಖುಷಿಪಡಲು ಹೆದರಿಕೆಯಾಯಿತು. ಅರ್ಧ ಹೊಲ ಬಂದರೆ ಸಾಕೇ? ತಮ್ಮ ಅರ್ಧ ಹೋದದ್ದನ್ನೇ ತೋರಿಸಿದರೆ? ಅವಳು ಯಾರಿಗೂ ಹೇಳದೆ ನೀರು ಕಟ್ಟುತ್ತಾ ಹೋದಳು.

ನೋಡಿದ್ದು ಅಂಜನಪ್ಪನೇ. ಒಂದು ಭಾನುವಾರ ಕಾಯಿಯ ಚೀಲ ಎತ್ತಲು ಬಂದವನು ಕಾಲುದಾರಿಯಲ್ಲಿ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಚೀಲ ಕೆಳಗಿಟ್ಟ.

“ಇದೆಂತ ಅಕ್ಕ, ಗೆರೆ ಹೊಡ್ದಂಗಿದೆ?”

“ನೀನೇ ಕಿತ್ತು ನೋಡು.”

ಅವನು ಈ ಕಡೆಯದೊಂದು, ಆ ಕಡೆಯದೊಂದು ಕಿತ್ತ. ಒಂದು ಬೇರು ಊದಿ ಗಂಟು ಗಂಟಾಗಿತ್ತು. ಇನ್ನೊಂದರಲ್ಲಿ ಅಂಥ ಊತ ಅಲ್ಲೊಂದು ಇಲ್ಲೊಂದು. ಉಳಿದದ್ದು ಸಣ್ಣ ಗುಂಡಿಗಳು, ಅವು ಅಂಜನಪ್ಪನ ಹೆಬ್ಬೆರಳಿಗೆ ಉದುರಿದವು. ಒಂದನ್ನು ಉಗುರಿನಲ್ಲಿ ಒಡೆದ. ಒಳಗೆ ಕೆಂಪು. ಅವನು ಎರಡೂ ಗಿಡ ಹಿಡಿದು ಮನೆಯೊಳಗೆ ಹೋದ.

ಊಟದ ಹೊತ್ತಾಗಿತ್ತು. ಗಿಡಗಳನ್ನು ನಡುಮನೆಯ ನೆಲದ ಮೇಲೆ ಇಟ್ಟ. ಗಾನವಿ ಮೊಬೈಲು ಬಿಟ್ಟು ಬಗ್ಗಿದಳು. ತನುಜಾ ಅನ್ನದ ಪಾತ್ರೆ ಹಿಡಿದೇ ನಿಂತಳು.

“ಅತ್ತೆ, ಎರಡೂ ಕಡೆ ಬೀಜ ಹಾಕಿದ್ದು ನೀನೇ ತಾನೇ?” ಗಾನವಿ ಕೇಳಿದಳು.

“ಹೌದು.”

“ಅದೇ ಬೀಜನಾ?”

“ಅದೇ ಬೀಜ. ಅದೇ ದಿವಸ.”

“ಹಂಗಾದ್ರೆ ಕೈಗುಣ ಅನ್ನೋದು ಕಾಲುದಾರಿವರೆಗೆ ಬಂದು ವಾಪಸ್ ಹೋತಾ?”

ಈ ಸಲ ಅವಳೂ ನಗಲಿಲ್ಲ, ಯಾರೂ ನಗಲಿಲ್ಲ. ಮಕ್ಕಳು ಕೆಲವು ಸಲ ದೊಡ್ಡವರು ವರ್ಷಗಟ್ಟಲೆ ಮುಚ್ಚಿಟ್ಟ ಮಡಕೆಯ ಬಾಯಿ ಹೀಗೆ ತೆರೆದುಬಿಡುತ್ತವೆ. ಅಂಜನಪ್ಪ ಕೈ ತೊಳೆಯಲು ಎದ್ದ. ಬಚ್ಚಲ ಕಡೆಯಿಂದ, ನೀರಿನ ಸದ್ದಿನ ನಡುವೆ ಹೇಳಿದ: “ನೆಲ ಡೊಂಕೇ ಇತ್ತು ಅನ್ನು. ಶುಂಠಿಯವನಿಗೆ ಬೇರೆ ಕಡೆ ನೋಡ್ಕ ಅಂತ ಹೇಳ್ತೀನಿ.”

ಅವನಿಂದ ಅಷ್ಟು ಬಂದದ್ದೇ ಹೆಚ್ಚು. ತನುಜಾ ಐದು ತಟ್ಟೆ ಹಾಕಿದಳು. ಯಾವಾಗಲೂ ಹಾಕುವುದು ನಾಲ್ಕು, ಒಮ್ಮೊಮ್ಮೆ ತಾನು ಬಡಿಸುವುದಿದ್ದರೆ ಮೂರು. ಐದನೆಯದರ ಮುಂದೆ ಮಣೆಯಿಟ್ಟು, “ಕೂತ್ಕಳಿ ಅತ್ತಿಗೆ, ಅನ್ನ ಆರ್ತದೆ” ಎಂದಳು. ಬೆರಳ ತುದಿಯಲ್ಲಿ ಚೆಂಡು ಗಿಡ ಕಿತ್ತಾಗಿನ ಗಾಯದ ಕಲೆ ಇನ್ನೂ ಇತ್ತು.

“ಆವತ್ತು ನಾನು ಹಂಗೆ ಕೂಗಬಾರದಿತ್ತು ತನುಜಾ,” ಎಂದಳು ಮಂಜುಶ್ರೀ. “ನೀ ಅರ್ಧ ಕಿತ್ತಿದ್ದಕ್ಕೇ ಇದು ಕಂಡಿದ್ದು. ಇಲ್ದಿದ್ರೆ ಯಾರು ನಂಬ್ತಿದ್ರು?”

“ಹಂಗೂ ಒಂದು ಪುಣ್ಯ ಬಂತಾ ನಂಗೆ?” ತನುಜಾ ತುಪ್ಪ ಹಾಕಿದಳು, ಹೆಚ್ಚೇ ಹಾಕಿದಳು. ಅವರ ಜಗಳ ಅಲ್ಲಿಗೆ ಮುಗಿಯಿತು.

ಎಲ್ಲರ ನಡುವೆ ಕೂತು ಉಣ್ಣುವುದು ಮಂಜುಶ್ರೀಗೆ ಮರೆತೇಹೋಗಿತ್ತು. ಎಷ್ಟು ಬೇಗ ಉಣ್ಣಬೇಕು, ಯಾರ ಮಾತಿಗೆ ತಲೆಯಾಡಿಸಬೇಕು, ಒಂದೂ ತಿಳಿಯಲಿಲ್ಲ. ಬಿಸಿ ಅನ್ನವನ್ನು ಕಲಸುತ್ತಲೇ ಇದ್ದಳು. ಬೇಕಾದದ್ದು ಸಿಕ್ಕಿತ್ತು, ಹೊಲ ಉಳಿದಿತ್ತು, ಆದರೂ ಮನಸ್ಸಿನ ತಳದಲ್ಲಿ ಒಂದು ಕಡೆ ಖಾಲಿ ಖಾಲಿ. ಅದೇನೆಂದು ಅವಳು ಹುಡುಕಲು ಹೋಗಲಿಲ್ಲ.

ಧನುರ್ಮಾಸದ ಒಂದು ಮಧ್ಯಾಹ್ನ ತಾಯಿ ಮಗಳು ಹಿಂದಿನ ಜಗಲಿಯ ಬಿಸಿಲಲ್ಲಿ ಕೂತಿದ್ದರು. ಚೆಂಡು ಹೂವಿನ ಕಡೆಯ ಗಿಡಗಳಲ್ಲಿ ಬಲಿಯಲು ಬಿಟ್ಟ ಕಾಯಿಗಳನ್ನು ಮಂಜುಶ್ರೀ ಮೊರದಲ್ಲಿ ಹಾಕಿಕೊಂಡು ಮುಂದಿನ ವರ್ಷಕ್ಕೆ ಬೀಜ ಬಿಡಿಸುತ್ತಿದ್ದಳು. ಹೂವಮ್ಮ ಈಗ ಕಪ್ಪು ಕನ್ನಡಕ ತೆಗೆದಿದ್ದಳು. ಅಂಜನಪ್ಪ ಕಿತ್ತು ತಂದ ಎರಡು ಗಿಡಗಳು ಅಲ್ಲೇ ಕಂಬದ ಬುಡದಲ್ಲಿ ಒಣಗಿ ಬಿದ್ದಿದ್ದವು. ಅವುಗಳನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ಗಂಟಿದ್ದ ಬೇರನ್ನು ಒಂದು ಸಲ, ಗಂಟಿಲ್ಲದ್ದನ್ನು ಒಂದು ಸಲ ತಿರುಗಿಸಿ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಮಂಜಿ.”

“ಎಂತ?”

“ಆ ಹೊಸನಗರದವನಿಗೆ… ಎರಡನೆಯವಳಲ್ಲೂ ಮಕ್ಕಳಾಗ್ಲಿಲ್ಲವಂತೆ.”

ಮಂಜುಶ್ರೀಯ ಕೈ ನಿಲ್ಲಲಿಲ್ಲ. ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಬಿತ್ತು.

“ಗೊತ್ತು.”

“ಗೊತ್ತಾ? ಯಾವಾಗ ಗೊತ್ತಾತು?”

“ಗಾನವಿ ಅಂಗನವಾಡಿಗೆ ಹೋಗ್ತಿದ್ಲಲ್ಲ, ಆವಾಗ. ಸಿಗಂದೂರಲ್ಲಿ ಲಾಂಚಿಗೆ ಕಾಯ್ತಾ ಇದ್ದಾಗ ಅವರ ಊರಿನೋಳು ಒಬ್ಳು ಸಿಕ್ಕಿದ್ಲು.”

“ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ನೀನು.”

“ಯಾರು ಕೇಳಿದ್ರಿ ಅಮ್ಮ?” ಎಂದಳು ಮಂಜುಶ್ರೀ. ಆಮೇಲೆ ಏನೋ ಹೊಳೆದು ತಲೆಯೆತ್ತಿದಳು. “ನಿಂಗೆ ಯಾವಾಗ ಗೊತ್ತಾತು?”

ಹೂವಮ್ಮ ಬೇರುಗಳನ್ನು ಕೆಳಗಿಟ್ಟಳು. ಸೆರಗಿನಿಂದ ಹೊಸ ಕಣ್ಣು ಒತ್ತಿಕೊಂಡಳು.

“ನಂಗೂ ಆವಾಗ್ಲೇ. ಹೇಳಿದ್ರೆ ನಿಂಗೆ ನೋವಾಗ್ತದೆ ಅಂತ ಹೇಳ್ಲಿಲ್ಲ.”

“ನೋವು ಆಗ್ತಾನೇ ಇತ್ತು ಅಮ್ಮ. ಒಬ್ಳಿಗೇ ಆಗ್ತಿತ್ತು, ಅಷ್ಟೇ.”

ಕೊಟ್ಟಿಗೆಯಲ್ಲಿ ಕರು ಕೂಗಿತು. ಹೊಲದಲ್ಲಿ ಉಳಿದ ಚೆಂಡು ಹೂವಿನ ಗಿಡಗಳು ಒಣಗಿ ನಿಂತಿದ್ದವು, ಬೇರು ಮಣ್ಣಲ್ಲೇ ಇತ್ತು. ಹೂವಮ್ಮ ಕೂತಲ್ಲಿಂದಲೇ ಜರುಗಿ ಮಗಳ ಪಕ್ಕಕ್ಕೆ ಬಂದಳು. ಮೊರದಿಂದ ಒಂದು ಹಿಡಿ ಕಾಯಿ ತನ್ನ ಮಡಿಲಿಗೆ ಹಾಕಿಕೊಂಡು ಬೀಜ ಬಿಡಿಸತೊಡಗಿದಳು.